ಕರೆಂಟ್ ಇಲ್ಲದ ಮನೆಗೆ ಜನರೇಟರ್: ಜೋಡಣೆಯ ಪ್ರಶ್ನೆಗಳು

ಕರ್ನಾಟಕದ ಮನೆಗಳಲ್ಲಿ ವಿದ್ಯುತ್ ನಿಲುಗಡೆಗೆ ಮುಖ್ಯವಾಗಿ ಎರಡು ಬಗೆಯ ಕಾರಣಗಳಿದ್ದು, ಮನೆಗೆ ಜನರೇಟರ್ ಬೇಕೇ, ಬೇಕಾದರೆ ಅದನ್ನು ಎಲ್ಲಿಗೆ ಜೋಡಿಸಬೇಕು ಎಂಬ ಪ್ರಶ್ನೆಗಳ ಉತ್ತರವೂ ಆ ಕಾರಣಕ್ಕೆ ತಕ್ಕಂತೆ ಬದಲಾಗುತ್ತದೆ. ಮೊದಲನೆಯದು ಉತ್ಪಾದನೆಯ ಕೊರತೆ. ಮುಂಗಾರು ಕೈಕೊಟ್ಟು ಜಲಾಶಯಗಳು ತುಂಬದೆ, ಅದೇ ಹೊತ್ತಿಗೆ ಪಂಪ್‌ಸೆಟ್ಟುಗಳ ಬೇಡಿಕೆ ಏರಿದಾಗ ಲೋಡ್ ಶೆಡ್ಡಿಂಗ್ ಅನಿವಾರ್ಯವಾಗುತ್ತದೆ. 2023ರ ಬರಗಾಲದ ಅಕ್ಟೋಬರಿನಲ್ಲಿ ರಾಜ್ಯ ಕಂಡದ್ದು ಇದನ್ನೇ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ವಿದ್ಯುತ್ ಜಾಲ ದೇಶದ ಉಳಿದ ಜಾಲದೊಡನೆ ಸೇರಿಕೊಂಡ ಮೇಲೆ ಹೊರಗಿನಿಂದ ವಿದ್ಯುತ್ ತರಿಸಿಕೊಳ್ಳುವ ದಾರಿ ಅಗಲವಾಗಿರುವುದರಿಂದ ಈ ಬಗೆಯ ನಿಲುಗಡೆ ಈಗ ದಿನಕ್ಕೆ ಇಷ್ಟು ಗಂಟೆ ಎಂಬ ಲೆಕ್ಕದಲ್ಲಿ ಬಂದು ಹೋಗುತ್ತದೆ. ಎರಡನೆಯದು ತಂತಿಯ ತೊಂದರೆ. ಮಲೆನಾಡು, ಕೊಡಗು, ಕರಾವಳಿಯ ಒಳನಾಡುಗಳಲ್ಲಿ ಆಷಾಢ, ಶ್ರಾವಣದ ಗಾಳಿಮಳೆಗೆ ಮರ ಉರುಳಿ, ಕಂಬ ಮುರಿದು, ತಂತಿ ಹರಿದು ಬಿದ್ದರೆ ನಾಡಿನಲ್ಲಿ ವಿದ್ಯುತ್ ಎಷ್ಟೇ ಹೇರಳವಾಗಿದ್ದರೂ ಆ ಒಂದು ಊರಿಗೆ ಎರಡು ಮೂರು ದಿನ, ಕೆಲವೊಮ್ಮೆ ವಾರಗಟ್ಟಲೆ, ಅದು ತಲುಪುವುದಿಲ್ಲ. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಕಂಬಗಳ ಸಾಲುಗಳೇ ಇಲ್ಲವಾಗಿದ್ದವು.

ಮನೆಬಳಕೆಯ ಸಣ್ಣ ಜನರೇಟರಿನ ಚರಿತ್ರೆಯೂ ಈ ಎರಡು ಬಗೆಗಳ ನಡುವೆ ಹಂಚಿಹೋಗಿದೆ. 1980ರ ದಶಕದ ಕೊನೆ ಮತ್ತು 90ರ ದಶಕದಲ್ಲಿ ಶ್ರೀರಾಮ್ ಹೊಂಡಾ, ಬಿರ್ಲಾ ಯಮಹಾ ಹೆಸರಿನ ಕೈಯಲ್ಲಿ ಎತ್ತೊಯ್ಯಬಹುದಾದ ಯಂತ್ರಗಳು ಅಂಗಡಿ, ಕ್ಲಿನಿಕ್ಕುಗಳ ಮುಂದಿನ ಫುಟ್‌ಪಾತಿನಲ್ಲಿ ಸಂಜೆಯ ಹೊತ್ತು ಸದ್ದು ಮಾಡುತ್ತಿದ್ದವು. ಅವುಗಳಲ್ಲಿ ಹಲವನ್ನು ಪೆಟ್ರೋಲಿನಿಂದ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಏರ್ಪಾಡಿದ್ದುದರಿಂದ, ಪಡಿತರದ ನೀಲಿ ಸೀಮೆಎಣ್ಣೆ ಎಲ್ಲೆಲ್ಲಿಗೆ ಹರಿಯುತ್ತಿತ್ತೆಂಬುದು ಯಾರಿಗೂ ಗುಟ್ಟಾಗಿರಲಿಲ್ಲ. ಮುಂದೆ ಬ್ಯಾಟರಿ ಮತ್ತು ಇನ್ವರ್ಟರ್ ಕೂಡಿದ, ಮನೆಮಾತಿನಲ್ಲಿ ಯುಪಿಎಸ್ ಎಂದು ಹೆಸರಾದ ಪೆಟ್ಟಿಗೆ ಮಧ್ಯಮವರ್ಗದ ಮನೆಗಳಿಗೆ ಬಂದು ಒಂದೆರಡು ಗಂಟೆಯ ಕತ್ತಲೆಯನ್ನು ಸದ್ದಿಲ್ಲದೆ ನಿವಾರಿಸಿದ ಮೇಲೆ ಜನರೇಟರಿಗೆ ಉಳಿದದ್ದು ದೀರ್ಘ ನಿಲುಗಡೆಯ ಕೆಲಸ ಮಾತ್ರ. ಹೀಗಾಗಿ ಇಂದು ಸಣ್ಣ ಜನರೇಟರ್ ಕೊಳ್ಳುವ ಮನೆ ಬಹುಮಟ್ಟಿಗೆ ತಂತಿ ಹರಿದು ಬೀಳುವ ಊರಿನ ಮನೆಯೇ ಆಗಿರುತ್ತದೆ, ಮತ್ತು ಆ ಮನೆಯಲ್ಲಿ ಜನರೇಟರ್ ಓಡುವ ಹೊತ್ತಿಗೆ ಹೊರಗೆ ಯಾರೋ ಒಬ್ಬರು ಕಂಬದ ಮೇಲಿರುತ್ತಾರೆ. ಜೋಡಣೆಯ ಚರ್ಚೆಯಲ್ಲಿ ಈ ಎರಡನೆಯ ಸಂಗತಿಗೆ ಸಿಗಬೇಕಾದ ಸ್ಥಾನ ಸಿಕ್ಕಿಲ್ಲ. ಎಷ್ಟು ಕೆವಿಎ ಸಾಕು, ಯಾವ ಕಂಪನಿಯದು ಒಳ್ಳೆಯದು ಎಂಬಲ್ಲಿಗೆ ವಿಚಾರಣೆ ಮುಗಿದುಬಿಡುತ್ತದೆ.

ರೂಢಿಯಲ್ಲಿರುವ ಜೋಡಣೆಗಳಲ್ಲಿ ಅತಿ ಸರಳವಾದದ್ದು ಮನೆಯ ವೈರಿಂಗ್ ಅನ್ನು ಮುಟ್ಟದೆಯೇ ಜನರೇಟರಿನ ಸಾಕೆಟ್ಟಿನಿಂದ ಎಕ್ಸ್‌ಟೆನ್ಶನ್ ಬೋರ್ಡ್ ಎಳೆದು ಫ್ರಿಜ್ಜನ್ನೋ ದೀಪವನ್ನೋ ಅದಕ್ಕೆ ನೇರವಾಗಿ ಸಿಕ್ಕಿಸುವುದು. ನೋಡಲು ಒರಟಾಗಿ ಕಂಡರೂ ಮನೆಯ ಗೋಡೆಯೊಳಗಿನ ತಂತಿಗೂ ಜನರೇಟರಿಗೂ ಸಂಬಂಧವೇ ಏರ್ಪಡದಿರುವುದರಿಂದ ಹೊರಗಿನವರ ಪಾಲಿಗೆ ಇದಕ್ಕಿಂತ ನಿರಪಾಯವಾದ ವಿಧಾನ ಇನ್ನೊಂದಿಲ್ಲ. ತಂತಿ ದಪ್ಪವಾಗಿರಬೇಕು, ಬಾಗಿಲ ಸಂದಿಯಲ್ಲಿ ಸಿಕ್ಕಿ ಜಜ್ಜಿಹೋಗಬಾರದು, ಒದ್ದೆ ನೆಲದಲ್ಲಿ ಕೂಡುಗಳಿರಬಾರದು ಎಂಬಷ್ಟೇ ಎಚ್ಚರ ಸಾಕು. ಇದರ ತೊಡಕೆಂದರೆ ಸೀಲಿಂಗ್ ಫ್ಯಾನ್, ಗೋಡೆಯ ದೀಪ, ಸಂಪಿನ ಮೋಟಾರು ಮುಂತಾದ, ಪ್ಲಗ್ಗೇ ಇಲ್ಲದ ಉಪಕರಣಗಳು ಈ ದಾರಿಯಲ್ಲಿ ನಡೆಯುವುದಿಲ್ಲ. ಆ ತೊಡಕನ್ನು ದಾಟುವ ಆತುರದಿಂದಲೇ ಎರಡನೆಯ ವಿಧಾನ ಹುಟ್ಟಿಕೊಂಡಿದೆ.

ಎರಡೂ ತುದಿಗೆ ಪ್ಲಗ್ ಇರುವ ಒಂದು ವೈರಿನ ಒಂದು ತುದಿಯನ್ನು ಜನರೇಟರಿಗೂ ಇನ್ನೊಂದು ತುದಿಯನ್ನು ಗೀಸರಿನದೋ ವಾಷಿಂಗ್ ಮಷಿನ್ನಿನದೋ 16 ಆಂಪ್ ಸಾಕೆಟ್ಟಿಗೂ ಚುಚ್ಚಿದರೆ ವಿದ್ಯುತ್ ಆ ಸಾಕೆಟ್ಟಿನಿಂದ ಹಿಂದಕ್ಕೆ ಹರಿದು ಮನೆಯ ಡಿಸ್ಟ್ರಿಬ್ಯೂಷನ್ ಬೋರ್ಡನ್ನು ತಲುಪಿ, ಅಲ್ಲಿಂದ ಎಲ್ಲ ಕೋಣೆಗಳಿಗೂ ಹಂಚಿಹೋಗುತ್ತದೆ. ಐದು ನಿಮಿಷದಲ್ಲಿ, ಇನ್ನೂರು ಮುನ್ನೂರು ರೂಪಾಯಿಯ ಸಾಮಾನಿನಲ್ಲಿ ಇಡೀ ಮನೆ ಬೆಳಗುವುದರಿಂದ ಇದರ ಆಕರ್ಷಣೆ ದೊಡ್ಡದು. ಆದರೆ ಒಂದು ತುದಿ ಜನರೇಟರಿಗೆ ಸಿಕ್ಕಿಸಿರುವಾಗ ಇನ್ನೊಂದು ತುದಿ ಸಾಕೆಟ್ಟಿನಿಂದ ಜಾರಿದರೆ ಅದರ ಹಿತ್ತಾಳೆಯ ಕಡ್ಡಿಗಳಲ್ಲಿ 230 ವೋಲ್ಟ್ ಬರಿಮೈಯಲ್ಲಿ ನಿಂತಿರುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದ್ದು: ಮೇನ್ ಸ್ವಿಚ್ ಆಫ್ ಮಾಡುವುದನ್ನು ಯಾರಾದರೂ ಮರೆತರೆ ಅದೇ ವಿದ್ಯುತ್ ಮೀಟರನ್ನು ದಾಟಿ, ಸರ್ವಿಸ್ ವೈರಿನ ಮೂಲಕ ಕಂಬಕ್ಕೆ ಏರುತ್ತದೆ. ಇದನ್ನು ಹಿಮ್ಮುಖ ಹರಿವು ಅಥವಾ ಬ್ಯಾಕ್‌ಫೀಡ್ ಎನ್ನುತ್ತಾರೆ.

ಹಿಮ್ಮುಖ ಹರಿವಿನ ಪರಿಣಾಮವನ್ನು ಅರಿಯಲು ಹಳ್ಳಿಗಳಲ್ಲಿ ಟಿಸಿ ಎಂದು ಕರೆಯುವ ವಿತರಣಾ ಪರಿವರ್ತಕದ ಒಳಗಿನ ಲೆಕ್ಕವನ್ನು ಸ್ವಲ್ಪ ನೋಡಬೇಕಾಗುತ್ತದೆ. 11,000 ವೋಲ್ಟಿನ ಮಾರ್ಗದಿಂದ ಬಂದ ವಿದ್ಯುತ್ತನ್ನು ಅದು 433 ವೋಲ್ಟಿಗೆ, ಅಂದರೆ ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 250 ವೋಲ್ಟಿಗೆ, ಇಳಿಸುತ್ತದೆ. ಒಂದೊಂದು ಫೇಸಿನ ಸುರುಳಿಗಳ ಅನುಪಾತ ಹೀಗೆ 44ಕ್ಕೆ 1. ಪರಿವರ್ತಕಕ್ಕೆ ಮೇಲು ಕೆಳಗಿನ ಭೇದವಿಲ್ಲದಿರುವುದರಿಂದ ಕೆಳಗಿನ ಸುರುಳಿಗೆ ಜನರೇಟರಿನ 230 ವೋಲ್ಟ್ ಬಂದರೆ ಮೇಲಿನ ಸುರುಳಿಯಲ್ಲಿ, ಅಂದರೆ 11 ಕೆವಿ ಮಾರ್ಗದ ಎರಡು ತಂತಿಗಳ ನಡುವೆ, ಸುಮಾರು 10,000 ವೋಲ್ಟ್ ಹುಟ್ಟುತ್ತದೆ. ಇದಕ್ಕೆ ಪ್ರತಿಯಾಗಿ, ಎರಡು ಕೆವಿಎ ಯಂತ್ರವೊಂದು ಊರಿಗೆಲ್ಲ ಕರೆಂಟ್ ಕೊಡಲಾದೀತೇ, ಅಕ್ಕಪಕ್ಕದ ಮನೆಗಳ ಭಾರಕ್ಕೆ ಅದು ತಕ್ಷಣವೇ ಉಸಿರುಕಟ್ಟಿ ನಿಂತುಹೋಗದೇ ಎಂಬ ವಾದವನ್ನು ಅನುಭವಿ ವೈರ್‌ಮನ್‌ಗಳೂ ಮುಂದಿಡುವುದುಂಟು. ತಂತಿಯೆಲ್ಲ ಸರಿಯಿದ್ದು ನಿಲುಗಡೆಯಷ್ಟೇ ಆಗಿರುವ ಸಂಜೆಯ ಮಟ್ಟಿಗೆ ಆ ವಾದ ನಿಜ. ಮರ ಬಿದ್ದು ತಂತಿ ಹರಿದಿರುವಾಗ ಆ ಮನೆಗೂ ಟಿಸಿಗೂ ನಡುವೆ ಉಳಿದಿರುವುದು ಒಂದೆರಡು ಮನೆಯಾಗಿರಬಹುದು, ಅಥವಾ ಹರಿದ ತಂತಿಯ ಒಂದು ತುಂಡು ಮಾತ್ರವೇ ಆಗಿರಬಹುದು. ಬೇರೆ ಭಾರವಿಲ್ಲದ ಟಿಸಿಯನ್ನು ಜೀವಂತವಾಗಿಡಲು ಬೇಕಾಗುವ ಕರೆಂಟ್ ಅದರ ಸಾಮರ್ಥ್ಯದ ಒಂದು ಸಣ್ಣ ಅಂಶವಷ್ಟೇ ಆದ್ದರಿಂದ ಅಲ್ಲಿ ಸಣ್ಣ ಜನರೇಟರ್ ನಿಂತುಹೋಗದೆ ಓಡುತ್ತಲೇ ಇರುತ್ತದೆ. ದುರಸ್ತಿಯವರು ಕೆಲಸ ಮಾಡುವುದು ನಿಖರವಾಗಿ ಅಂಥ ತುಂಡಿನ ಮೇಲೆಯೇ.

ವಿದ್ಯುತ್ ಸರಬರಾಜು ಕಂಪನಿಗಳಾದ ಎಸ್ಕಾಂಗಳಲ್ಲಿ ಈಗ ಪವರ್‌ಮ್ಯಾನ್ ಎಂಬ ಹುದ್ದೆಯ ಹೆಸರಿರುವ, ಜನರ ಬಾಯಲ್ಲಿ ಇಂದಿಗೂ ಲೈನ್‌ಮನ್ ಆಗಿಯೇ ಉಳಿದಿರುವ ನೌಕರ ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿನಿಂದ ಲೈನ್ ಕ್ಲಿಯರ್, ಅಂದರೆ ಆ ಮಾರ್ಗಕ್ಕೆ ವಿದ್ಯುತ್ ಹರಿಸುವುದಿಲ್ಲವೆಂಬ ಒಪ್ಪಿಗೆಯನ್ನು, ಪಡೆದಿರುತ್ತಾನೆ. ಟಿಸಿಯ ಬಳಿ ಮಾರ್ಗವನ್ನು ಕಡಿಯುವ ಜಿಓಎಸ್ ಸ್ವಿಚ್ಚನ್ನು ತೆರೆದಿರುತ್ತಾನೆ. ನಿಯಮದಂತೆ ತಂತಿಗಳನ್ನು ಅರ್ಥ್ ರಾಡಿನಿಂದ ಭೂಮಿಗೆ ಸೇರಿಸಿಯೂ ಇರಬೇಕು. ಮಳೆಯಲ್ಲಿ ಹತ್ತಾರು ಕಡೆ ಕರೆ ಬರುತ್ತಿರುವಾಗ, ಕೈಗವಸು ಹಳತಾಗಿರುವಾಗ, ಕೊನೆಯ ಎಚ್ಚರ ತಪ್ಪಿಹೋಗುವುದು ಅಪರೂಪವಲ್ಲ. ಲೈನ್ ಕ್ಲಿಯರ್ ಎಂಬ ವ್ಯವಸ್ಥೆ ಮೇಲಿನಿಂದ ಬರುವ ವಿದ್ಯುತ್ತಿಗಷ್ಟೇ ಜವಾಬು ಕೊಡಬಲ್ಲದು. ಕೆಳಗಿನ ಮನೆಯೊಂದರಿಂದ ಮೇಲೇರಿ ಬರುವುದು ಯಾವ ದಾಖಲೆಪುಸ್ತಕದಲ್ಲೂ ನಮೂದಾಗಿರುವುದಿಲ್ಲ. ಇದಿಷ್ಟೂ ತಪ್ಪಿ, ದುರಸ್ತಿ ಮುಗಿದು ಮೇಲಿನ ವಿದ್ಯುತ್ತೇ ಮರಳಿ ಬಂದರೂ ಎರಡು ಕಡೆಯ ಅಲೆಗಳು ಒಂದಕ್ಕೊಂದು ಹೊಂದಿಕೊಳ್ಳದಿರುವುದರಿಂದ ಜನರೇಟರಿನ ಸುರುಳಿ ಸುಟ್ಟುಹೋಗುವುದು, ಬೆಂಕಿಯೇ ಹೊತ್ತಿಕೊಳ್ಳುವುದು ಸಾಧ್ಯ.

‘ಮೇನ್ ಆಫ್ ಮಾಡಿಕೊಂಡರಾಯಿತಲ್ಲ’ ಎಂಬ ಸಮಾಧಾನ ಇಲ್ಲಿ ಸಾಲದು. ಮೇನ್ ಆಫ್ ಮಾಡಬೇಕೆಂದು ತಿಳಿದವರು ಮನೆಯಲ್ಲಿಲ್ಲದ ರಾತ್ರಿ ಬೇರೆ ಯಾರೋ ಹಗ್ಗ ಎಳೆದು ಯಂತ್ರ ಸ್ಟಾರ್ಟ್ ಮಾಡುತ್ತಾರೆ. ಅಲ್ಲದೆ ಹಳೆಯ ಮನೆಗಳಲ್ಲಿ ಮೇನ್ ಎಂದರೆ ಪಿಂಗಾಣಿಯ ಫ್ಯೂಸ್ ಕ್ಯಾರಿಯರ್ ಮಾತ್ರವಾಗಿದ್ದು, ಅದನ್ನು ಕಿತ್ತಾಗ ಫೇಸ್ ಕಡಿದರೂ ನ್ಯೂಟ್ರಲ್ ಹೊರಗಿನ ಜಾಲಕ್ಕೆ ಅಂಟಿಕೊಂಡೇ ಇರುತ್ತದೆ. ನೆನಪನ್ನು ಅವಲಂಬಿಸಿದ ಏರ್ಪಾಡಿಗೂ ತಪ್ಪು ಮಾಡಲು ಅವಕಾಶವನ್ನೇ ಕೊಡದ ಏರ್ಪಾಡಿಗೂ ಇರುವ ಅಂತರವೇ ಚೇಂಜ್‌ಓವರ್ ಸ್ವಿಚ್ಚಿನ ಅಸ್ತಿತ್ವಕ್ಕೆ ಕಾರಣ.

ಚೇಂಜ್‌ಓವರ್ ಸ್ವಿಚ್ ಎಂದರೆ ಎರಡು ಮೂಲಗಳಲ್ಲಿ ಒಂದನ್ನು ಮಾತ್ರ ಮನೆಯ ಭಾರಕ್ಕೆ ಜೋಡಿಸುವ, ಎರಡನ್ನೂ ಒಟ್ಟಿಗೆ ಜೋಡಿಸುವುದು ಯಾಂತ್ರಿಕವಾಗಿಯೇ ಅಸಾಧ್ಯವಾಗಿರುವ ಸ್ವಿಚ್. ಅದರ ಹಿಡಿಕೆಗೆ ಮೂರು ನೆಲೆಗಳಿರುತ್ತವೆ: ಒಂದು ಬದಿಗೆ ತಿರುಗಿಸಿದರೆ ಎಸ್ಕಾಂ ವಿದ್ಯುತ್, ಇನ್ನೊಂದು ಬದಿಗೆ ತಿರುಗಿಸಿದರೆ ಜನರೇಟರ್, ನಡುವೆ ಎರಡೂ ಇಲ್ಲದ ಸೊನ್ನೆ, ಆ ಸೊನ್ನೆಯನ್ನು ದಾಟದೆ ಒಂದರಿಂದ ಇನ್ನೊಂದಕ್ಕೆ ಹೋಗಲಾಗದು. ಸಿಂಗಲ್ ಫೇಸ್ ಮನೆಗೆ ಎರಡು ಪೋಲಿನದು, ಅಂದರೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಬದಲಿಸುವಂಥದ್ದು, ಮೂರು ಫೇಸಿನ ಮನೆಗೆ ನಾಲ್ಕು ಪೋಲಿನದು ಬೇಕು. ಕಬ್ಬಿಣದ ಡಬ್ಬಿಯಲ್ಲಿ ಬರುವ ದೊಡ್ಡ ಹಿಡಿಕೆಯ ಹಳೆಯ ಮಾದರಿಯ ಜೊತೆಗೆ ಈಗ ಎಂಸಿಬಿಗಳ ಸಾಲಿನಲ್ಲೇ ಕೂರುವ ಸಣ್ಣ ಮಾದರಿಗಳೂ 25ರಿಂದ 63 ಆಂಪ್ ವರೆಗೆ ಸಿಗುತ್ತಿದ್ದು, ಬೆಲೆಯಲ್ಲಿ ಅವು ಜನರೇಟರಿನ ಬೆಲೆಯ ಒಂದು ಚಿಕ್ಕ ಪಾಲೂ ಆಗುವುದಿಲ್ಲ. ಹೊರಗಿನಿಂದ ಜನರೇಟರಿನ ಕೇಬಲ್ ಬಂದು ಸೇರುವಲ್ಲಿ, ಗೋಡೆಯ ಹೊರಮೈಯಲ್ಲಿ, ಮುಚ್ಚಳವಿರುವ ನೀಲಿ ಬಣ್ಣದ ಇಂಡಸ್ಟ್ರಿಯಲ್ ಪ್ಲಗ್ಗನ್ನು ಕಡ್ಡಿಗಳು ಹೊರಮುಖವಾಗಿರುವಂತೆ ಕೂರಿಸಿ, ಕೇಬಲ್ಲಿನ ತುದಿಗೆ ಸಾಕೆಟ್ಟನ್ನು ಕೊಟ್ಟರೆ, ಕೇಬಲ್ ಕಿತ್ತಾಗ ಎಲ್ಲಿಯೂ ಬರಿಗಡ್ಡಿಗಳಲ್ಲಿ ವಿದ್ಯುತ್ ಉಳಿಯುವುದಿಲ್ಲ. ಎರಡು ಪ್ಲಗ್ಗಿನ ವೈರಿನ ದೋಷ ಇಲ್ಲಿ ತಲೆಕೆಳಗಾಗಿ ಸರಿಹೋಗುತ್ತದೆ.

ನ್ಯೂಟ್ರಲ್ ಮತ್ತು ಅರ್ಥಿಂಗ್ ಈ ವಿಷಯದ ಅತ್ಯಂತ ಗೊಂದಲದ ಭಾಗವಾಗಿದ್ದು, ಸಾಮಾನ್ಯವಾಗಿ ಯಾರೂ ವಿವರಿಸದೆ ಬಿಟ್ಟುಬಿಡುವ ಭಾಗವೂ ಅದೇ ಆಗಿದೆ. ಎಸ್ಕಾಂ ಸರಬರಾಜಿನಲ್ಲಿ ನ್ಯೂಟ್ರಲ್ ಅನ್ನು ಟಿಸಿಯ ಬುಡದಲ್ಲಿ ಭೂಮಿಗೆ ಸೇರಿಸಿರುತ್ತಾರೆ. ಮನೆಯವರು ತಮ್ಮ ಅರ್ಥ್ ಗುಂಡಿಯನ್ನು ಬೇರೆಯಾಗಿ ಮಾಡಿಕೊಂಡಿರುತ್ತಾರೆ. ಫೇಸಿನಿಂದ ಸೋರಿದ ಕರೆಂಟ್ ಮಣ್ಣಿನ ಮೂಲಕ ಟಿಸಿಗೆ ಮರಳುವ ಈ ವ್ಯವಸ್ಥೆಯಲ್ಲಿ, ಹೋದ ಕರೆಂಟಿಗೂ ಬಂದ ಕರೆಂಟಿಗೂ 30 ಮಿಲಿಆಂಪಿನಷ್ಟು ವ್ಯತ್ಯಾಸ ಬಿದ್ದರೆ ಆರ್‌ಸಿಸಿಬಿ ಎಂಬ ರಕ್ಷಕ ಸ್ವಿಚ್ ಕಡಿದುಹೋಗುತ್ತದೆ. ಸಣ್ಣ ಜನರೇಟರುಗಳಲ್ಲಿ ಹಲವು ಇದಕ್ಕೆ ಹೊರತಾಗಿದ್ದು, ಅವುಗಳ ಎರಡು ತಂತಿಗಳಲ್ಲಿ ಯಾವುದೂ ಭೂಮಿಗೆ ಸೇರಿರುವುದಿಲ್ಲ. ಅಂಥ ಯಂತ್ರದ ಸಾಕೆಟ್ಟಿಗೆ ಟೆಸ್ಟರ್ ಹಿಡಿದರೆ ಎರಡೂ ತೂತುಗಳಲ್ಲಿ ಮಂಕಾದ ದೀಪ ಕಾಣಿಸಿಕೊಂಡು, ಫೇಸ್ ಯಾವುದು, ನ್ಯೂಟ್ರಲ್ ಯಾವುದು ಎಂದು ವೈರ್‌ಮನ್ ತಲೆ ಕೆರೆದುಕೊಳ್ಳುವುದು ಈ ಕಾರಣದಿಂದ. ಒಂದೇ ಉಪಕರಣವನ್ನು ನೇರವಾಗಿ ಓಡಿಸುವಾಗ ಈ ತೇಲುವ ನ್ಯೂಟ್ರಲ್ ಒಂದು ಬಗೆಯ ರಕ್ಷಣೆಯೇ ಹೌದು, ಏಕೆಂದರೆ ಒಂದು ತಂತಿಯನ್ನಷ್ಟೇ ಮುಟ್ಟಿದವರ ಮೈಯಿಂದ ಕರೆಂಟಿಗೆ ಮರಳುವ ದಾರಿ ಇರುವುದಿಲ್ಲ. ಇಡೀ ಮನೆಯ ವೈರಿಂಗಿಗೆ ಅದನ್ನು ಜೋಡಿಸಿದಾಗ ಮಾತ್ರ ಲೆಕ್ಕ ಬದಲಾಗುತ್ತದೆ: ಎಲ್ಲೋ ಒಂದು ಕಡೆ ಮೊದಲ ಸೋರಿಕೆ ಆಗಿದ್ದರೂ ಯಾವ ಸೂಚನೆಯೂ ಸಿಗುವುದಿಲ್ಲ, ಎರಡನೆಯ ಸೋರಿಕೆಗೆ ಸಿಕ್ಕಿದವರನ್ನು ಆರ್‌ಸಿಸಿಬಿ ಕಾಪಾಡುವ ಭರವಸೆಯೂ ಇರುವುದಿಲ್ಲ. ಆದ್ದರಿಂದ ಎರಡು ಪೋಲಿನ ಚೇಂಜ್‌ಓವರ್ ಬಳಸಿ ನ್ಯೂಟ್ರಲ್ ಅನ್ನೂ ಬೇರ್ಪಡಿಸಿದ ಮನೆಯಲ್ಲಿ, ಜನರೇಟರಿನ ಬದಿಯಲ್ಲಿ, ಸ್ವಿಚ್ಚಿಗಿಂತ ಮೊದಲೇ, ಅದರ ಒಂದು ತಂತಿಯನ್ನು ಅರ್ಥಿಗೆ ಸೇರಿಸಿ ಅದನ್ನೇ ನ್ಯೂಟ್ರಲ್ ಎಂದು ಗೊತ್ತುಪಡಿಸುವುದು ಸರಿಯಾದ ಕ್ರಮ. ಇನ್ವರ್ಟರ್ ಮಾದರಿಯ ಕೆಲವು ಜನರೇಟರುಗಳು ಹೀಗೆ ಸೇರಿಸುವುದನ್ನು ಒಪ್ಪುವುದಿಲ್ಲವಾದ್ದರಿಂದ ಯಂತ್ರದ ಕೈಪಿಡಿಯನ್ನು ನೋಡದೆ ಈ ಕೆಲಸಕ್ಕೆ ಕೈಹಾಕಬಾರದು. ಭಾರತೀಯ ಮಾನಕ ಸಂಸ್ಥೆಯ ಐಎಸ್ 3043 ಅರ್ಥಿಂಗಿಗೂ ಐಎಸ್ 732 ಮನೆಯ ವೈರಿಂಗಿಗೂ ಆಧಾರವಾದ ಮಾನಕಗಳು. ಹಲವು ವೈರ್‌ಮನ್‌ಗಳು ಇವುಗಳ ಹೆಸರನ್ನು ಕೇಳಿರಲಾರರು ಎಂಬುದು ಬೇರೆ ಮಾತು.

ಮೂರು ಫೇಸಿನ ಸಂಪರ್ಕವಿರುವ ಮನೆಗೆ ಸಿಂಗಲ್ ಫೇಸ್ ಜನರೇಟರ್ ಜೋಡಿಸುವಾಗ ಇನ್ನೊಂದು ಬಲೆಯಿದೆ. ಮೂರು ಫೇಸುಗಳ ಕರೆಂಟ್ ಒಂದೇ ನ್ಯೂಟ್ರಲಿನಲ್ಲಿ ಮರಳುವಾಗ ಪರಸ್ಪರ ಬಹುಪಾಲು ವಜಾ ಆಗುತ್ತದೆ ಎಂಬ ನಂಬಿಕೆಯ ಮೇಲೆ ಆ ತಂತಿಯ ಗಾತ್ರ ನಿಗದಿಯಾಗಿರುತ್ತದೆ. ಮೂರನ್ನೂ ಒಟ್ಟಿಗೆ ಕಟ್ಟಿ ಒಂದೇ ಜನರೇಟರಿನಿಂದ ಉಣಿಸಿದರೆ ವಜಾ ಆಗಬೇಕಾದದ್ದು ಕೂಡಿಕೊಳ್ಳುತ್ತದೆ, ನ್ಯೂಟ್ರಲ್ ತಂತಿ ಒಳಗೊಳಗೇ ಕಾಯುತ್ತದೆ. ಅಂಥ ಮನೆಯಲ್ಲಿ ಬೇಕಾದ ದೀಪ, ಫ್ಯಾನು, ಫ್ರಿಜ್ಜುಗಳನ್ನು ಮೊದಲೇ ಒಂದು ಫೇಸಿಗೆ ತಂದು ಆ ಒಂದನ್ನೇ ಚೇಂಜ್‌ಓವರಿನ ಮೂಲಕ ಜನರೇಟರಿಗೆ ಕೊಡುವುದು ಲೇಸು.

ಅಮೆರಿಕದಲ್ಲಿ ಚಂಡಮಾರುತದ ಊರುಗಳಲ್ಲಿ ಈ ವಿಷಯ ಬಹುಕಾಲದಿಂದ ಬೆಳೆದಿದ್ದು, ಅಲ್ಲಿ ಮೇನ್ ಬ್ರೇಕರ್ ಆಫ್ ಆಗದ ಹೊರತು ಜನರೇಟರಿನ ಬ್ರೇಕರ್ ಆನ್ ಆಗಲು ಬಿಡದ ಒಂದು ಜಾರುಪಟ್ಟಿಯನ್ನು ಬೋರ್ಡಿಗೆ ಸ್ಕ್ರೂ ಮಾಡುವ ಪದ್ಧತಿ ಹೆಚ್ಚು ಪ್ರಚಾರದಲ್ಲಿದೆ. ಯೂಟ್ಯೂಬಿನಲ್ಲಿ ಸಿಗುವ ಅಂಥ ವಿಡಿಯೊಗಳನ್ನು ನೋಡಿ ಇಲ್ಲಿ ಕೆಲಸ ಮಾಡಿಸಲು ಹೊರಡುವವರು ಎರಡು ಸಂಗತಿಗಳನ್ನು ಗಮನಿಸಬೇಕು. ಅಲ್ಲಿನ ಮನೆಗಳಿಗೆ 120 ವೋಲ್ಟಿನ ಎರಡು ಕಾಲುಗಳು ಬರುವುದರಿಂದ ತಂತಿಗಳ ಸಂಖ್ಯೆ, ಪ್ಲಗ್ಗಿನ ಆಕಾರ, ನ್ಯೂಟ್ರಲಿನ ನಿಯಮ ಎಲ್ಲವೂ ಬೇರೆ. ಅಲ್ಲಿ ನ್ಯೂಟ್ರಲ್ ಅನ್ನು ಮನೆಯ ಬೋರ್ಡಿನಲ್ಲೇ ಅರ್ಥಿಗೆ ಸೇರಿಸುತ್ತಾರೆ, ಇಲ್ಲಿ ಹಾಗೆ ಸೇರಿಸುವುದು ತಪ್ಪು.

ಎಷ್ಟು ದೊಡ್ಡ ಜನರೇಟರ್ ಎಂಬ ಪ್ರಶ್ನೆ ಎಲ್ಲದಕ್ಕಿಂತ ಮೊದಲು ಬರುತ್ತದೆಯಾದರೂ ನಿಜಕ್ಕೂ ಅದು ಕೊನೆಗೆ ಬರಬೇಕಾದ ಪ್ರಶ್ನೆ. ಎಂಟು ಎಲ್‌ಇಡಿ ಬಲ್ಬುಗಳಿಗೆ 72 ವ್ಯಾಟ್, ಮೂರು ಹಳೆಯ ಫ್ಯಾನುಗಳಿಗೆ 225, ಫ್ರಿಜ್ಜಿಗೆ 150, ಟಿವಿ ಮತ್ತು ರೂಟರಿಗೆ 100, ಮಿಕ್ಸಿಗೆ 600 ಎಂದು ಕೂಡಿದರೂ ಒಟ್ಟು 1,150 ವ್ಯಾಟಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಯಂತ್ರದ ಮೇಲೆ 2 ಕೆವಿಎ, ಪವರ್ ಫ್ಯಾಕ್ಟರ್ 0.8 ಎಂದು ಬರೆದಿದ್ದರೆ ಸಿಗುವುದು 1,600 ವ್ಯಾಟ್. ಅದರಲ್ಲಿಯೂ ಗರಿಷ್ಠ ಎಂಬ ಅಂಕಿಗಿಂತ ಸತತ ಎಂಬ ಅಂಕಿ ಕಡಿಮೆಯಿದ್ದು, ಲೆಕ್ಕಕ್ಕೆ ಹಿಡಿಯಬೇಕಾದದ್ದು ಎರಡನೆಯದನ್ನೇ. ಸಾಲದಾಗುವುದು ಮೋಟಾರಿನಿಂದ. ನಿಂತ ಮೋಟಾರು ತಿರುಗಲು ಶುರುಮಾಡುವ ಗಳಿಗೆಯಲ್ಲಿ ಓಡುವಾಗಿನ ಕರೆಂಟಿನ ಮೂರರಿಂದ ಆರು ಪಟ್ಟು ಎಳೆಯುವುದರಿಂದ ಫ್ರಿಜ್ಜಿನ ಕಂಪ್ರೆಸರನ್ನು 2 ಕೆವಿಎ ಯಂತ್ರ ಒಂದಿಷ್ಟು ಮುಲುಗಿ ಎಬ್ಬಿಸಬಲ್ಲದಾದರೂ, ಒಂದೂವರೆ ಎಚ್‌ಪಿಯ ಬೋರ್‌ವೆಲ್ ಪಂಪಿಗೆ 5 ಕೆವಿಎಗಿಂತ ಕಡಿಮೆಯದನ್ನು ನಂಬಲಾಗದು. ಗೀಸರ್, ಇಂಡಕ್ಷನ್ ಒಲೆ, ಎಸಿಗಳನ್ನೂ ಸೇರಿಸಿಕೊಂಡರೆ ಯಂತ್ರ ಇನ್ನೂ ದೊಡ್ಡದಾಗಿ, ಎತ್ತೊಯ್ಯುವಂಥದ್ದು ಎಂಬ ಹೆಸರಿಗೇ ಅರ್ಥವಿಲ್ಲದಾಗುತ್ತದೆ. ಬಚ್ಚಲಿನಲ್ಲಿ ಹಂಡೆ ಒಲೆಯೂ ಅಡುಗೆಮನೆಯಲ್ಲಿ ಗ್ಯಾಸೂ ಇರುವ ಮಲೆನಾಡಿನ ಮನೆಗೆ ಇವುಗಳ ಹಂಗೇ ಬೇಡ.

ಕೇಬಲ್ಲಿನ ದಪ್ಪ ಈ ಲೆಕ್ಕದ ಮರೆತುಹೋದ ಅರ್ಧ. ಜನರೇಟರನ್ನು 20 ಮೀಟರ್ ದೂರದಲ್ಲಿಟ್ಟು 2.5 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಎಳೆದರೆ ಮೋಟಾರು ಏಳುವಾಗಿನ 40 ಆಂಪಿಗೆ ಸುಮಾರು 12 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ; ದುಡ್ಡು ಉಳಿಸಲು 1 ಚದರ ಮಿಲಿಮೀಟರಿನ ವೈರ್ ಹಾಕಿದವರಿಗೆ 30 ವೋಲ್ಟಿಗೂ ಹೆಚ್ಚು ನಷ್ಟವಾಗಿ, ಯಂತ್ರದಲ್ಲಿ ಶಕ್ತಿಯಿದ್ದರೂ ಪಂಪು ಗುಂಯ್‌ಗುಟ್ಟುತ್ತ ನಿಂತುಬಿಡುತ್ತದೆ.

ಇಡೀ ಮನೆ ಎಂದಿನಂತೆಯೇ ನಡೆಯಬೇಕೆಂಬ ಹಂಬಲವೇ ತಪ್ಪು ಜೋಡಣೆಗಳಲ್ಲಿ ಹೆಚ್ಚಿನವಕ್ಕೆ ಮೂಲವೆಂದು ಹೇಳಬಹುದು. ಎರಡು ಪ್ಲಗ್ಗಿನ ವೈರ್ ಹುಟ್ಟಿದ್ದು ಆ ಹಂಬಲದಿಂದ, ಮೂರು ಫೇಸುಗಳನ್ನು ಒಟ್ಟಿಗೆ ಕಟ್ಟುವುದು ಅದರಿಂದ, ಹೊರಲಾಗದ ಯಂತ್ರ ಕೊಂಡು ಅರ್ಧ ಭಾರದಲ್ಲಿ ಓಡಿಸಿ ಪೆಟ್ರೋಲ್ ಸುಡುವುದೂ ಅದರಿಂದಲೇ. ಸುಮಾರು ಎರಡು ಕೆವಿಎ ಸಾಮರ್ಥ್ಯದ ಸಣ್ಣ ಪೆಟ್ರೋಲ್ ಯಂತ್ರ ಒಂದು ಲೀಟರಿನಿಂದ ಹೆಚ್ಚೆಂದರೆ ಎರಡು ಯೂನಿಟ್ ವಿದ್ಯುತ್ ತೆಗೆಯುತ್ತದೆಯಾದ್ದರಿಂದ ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ ಯೂನಿಟ್ಟಿಗೆ ಐವತ್ತು ರೂಪಾಯಿ ಬೀಳುತ್ತದೆ. ಎಸ್ಕಾಂನ ಮನೆಬಳಕೆಯ ದರ ಆರು ರೂಪಾಯಿಯ ಆಸುಪಾಸಿನಲ್ಲಿದೆ, 2023ರಲ್ಲಿ ಬಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ 200 ಯೂನಿಟ್ಟಿನ ಮಿತಿಯೊಳಗಿರುವವರಿಗೆ ಅದೂ ಇಲ್ಲ. ಪುಕ್ಕಟೆಯ ವಿದ್ಯುತ್ತಿಗೆ ಒಗ್ಗಿದ ಕೈ ಐವತ್ತು ರೂಪಾಯಿಯ ವಿದ್ಯುತ್ತನ್ನು ಅದೇ ಧಾರಾಳದಿಂದ ಬಳಸಲು ಹೊರಡುವುದು ವಿಚಿತ್ರವೇ.

ಇದಕ್ಕೆ ಬದಲಾಗಿ ಈಗಾಗಲೇ ಮನೆಯಲ್ಲಿರುವ ಯುಪಿಎಸ್ ಮತ್ತು ಜನರೇಟರ್ ಎರಡನ್ನೂ ಹೊಂದಿಸಿಕೊಳ್ಳುವ ದಾರಿ ಹೆಚ್ಚು ವಿವೇಕದ್ದು. 12 ವೋಲ್ಟ್, 150 ಆಂಪ್ ಅವರಿನ ಒಂದು ಸೀಸ-ಆಮ್ಲ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್ ಅವರ್ ಇದ್ದರೂ ಕೈಗೆ ಸಿಗುವುದು ಸಾವಿರದಿಂದ ಸಾವಿರದ ಇನ್ನೂರು. ದೀಪ, ಫ್ಯಾನು, ರೂಟರ್ ಸೇರಿ 300 ವ್ಯಾಟ್ ಎಳೆದರೆ ಮೂರೂವರೆ ನಾಲ್ಕು ಗಂಟೆ. ಬೆಳಗ್ಗೆ ಮತ್ತು ಸಂಜೆ ಒಂದೆರಡು ಗಂಟೆ ಜನರೇಟರ್ ಓಡಿಸಿ ಆ ಹೊತ್ತಿನಲ್ಲಿ ನೀರೆತ್ತುವುದು, ರುಬ್ಬುವುದು, ಫ್ರಿಜ್ಜನ್ನು ತಂಪಾಗಿಸುವುದು, ಬ್ಯಾಟರಿಗೆ ಚಾರ್ಜ್ ಮಾಡುವುದು ಎಲ್ಲವನ್ನೂ ಒಟ್ಟಿಗೆ ಮುಗಿಸಿ, ಉಳಿದ ಹೊತ್ತನ್ನು ಯುಪಿಎಸ್ಸಿಗೆ ಬಿಟ್ಟರೆ ಯಂತ್ರವೂ ಪೂರ್ತಿ ಭಾರದಲ್ಲಿ ದುಡಿಯುತ್ತದೆ, ರಾತ್ರಿಯ ನಿದ್ದೆಗೂ ಭಂಗವಿಲ್ಲ. ಆದರೆ ಸೀಸದ ಬ್ಯಾಟರಿ ಪೂರ್ತಿ ತುಂಬಲು ಹತ್ತು ಹನ್ನೆರಡು ಗಂಟೆ ಬೇಡುವುದರಿಂದ ಎರಡು ಗಂಟೆಯಲ್ಲಿ ಅದಕ್ಕೆ ಹೋಗುವುದು ಅಲ್ಪವೇ. ಲಿಥಿಯಂ ಬ್ಯಾಟರಿ ಇದ್ದವರಿಗೆ ಈ ತಾಪತ್ರಯ ಕಡಿಮೆ. ಜನರೇಟರಿನ ವೇಗ ಏರಿಳಿದು ಆವರ್ತನ 50 ಹರ್ಟ್ಸಿನಿಂದ ಅತ್ತಿತ್ತ ಸರಿದಾಗ ಯುಪಿಎಸ್ ಅದನ್ನು ಒಪ್ಪದೆ ಮತ್ತೆ ಮತ್ತೆ ಬ್ಯಾಟರಿಗೆ ಹೊರಳುವುದೂ ಉಂಟು. ಹಿಂಬದಿಯ ಸ್ವಿಚ್ಚನ್ನು ಯುಪಿಎಸ್ ಎಂಬಲ್ಲಿಂದ ನಾರ್ಮಲ್ ಅಥವಾ ಇಕೊ ಎಂಬಲ್ಲಿಗೆ ಸರಿಸಿದರೆ ಹಲವು ಮಾದರಿಗಳು ಸುಮ್ಮನಾಗುತ್ತವೆ. ಗೋಡೆಯ ಸಾಕೆಟ್ಟಿನಿಂದ ಯುಪಿಎಸ್ಸಿನ ಪ್ಲಗ್ ಕಿತ್ತು ನೇರ ಜನರೇಟರಿಗೆ ಸಿಕ್ಕಿಸುವ ಸುಲಭೋಪಾಯ, ಯುಪಿಎಸ್ ಲೈನಿಗೆ ಫೇಸ್ ತಂತಿಯನ್ನಷ್ಟೇ ಬೇರೆ ಎಳೆದು ನ್ಯೂಟ್ರಲ್ ಅನ್ನು ಮನೆಯ ಉಳಿದ ಸರ್ಕ್ಯೂಟುಗಳೊಡನೆ ಹಂಚಿಕೊಂಡಿರುವ ಮನೆಗಳಲ್ಲಿ (ಅವೇ ಹೆಚ್ಚು) ಕೆಲಸ ಮಾಡುವುದಿಲ್ಲ. ಅಲ್ಲಿಯೂ ಎರಡು ಪೋಲಿನ ಚೇಂಜ್‌ಓವರೇ ಸರಿಯಾದ ದಾರಿ.

ಜನರೇಟರನ್ನು ಎಲ್ಲಿಡಬೇಕೆಂಬುದು ಮಳೆನಾಡಿನಲ್ಲಿ ನಿಜವಾದ ಇಕ್ಕಟ್ಟು. ಅದು ಬೇಕಾಗುವುದು ಮಳೆಯಲ್ಲೇ, ಅದಕ್ಕೆ ಆಗದಿರುವುದೂ ಮಳೆಯೇ; ಆದ್ದರಿಂದ ಜಗಲಿಗೋ ಕೊಟ್ಟಿಗೆಗೋ ಶೆಡ್ಡಿಗೋ ಎಳೆದುಕೊಳ್ಳುತ್ತಾರೆ. ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುವುದರಿಂದ ತಲೆನೋವು, ಮಂಪರು ಬರುವ ಹೊತ್ತಿಗೆ ಎದ್ದು ಹೊರಗೆ ಹೋಗುವ ಶಕ್ತಿಯೇ ಉಡುಗಿರುತ್ತದೆ. ಕಿಟಕಿ ತೆರೆದಿದ್ದರೆ ಸಾಕೆಂಬುದು ಸುಳ್ಳು. ತೆರೆದ ಕಿಟಕಿಯ ಬಳಿಯೇ ಯಂತ್ರವಿದ್ದರೆ ಹೊಗೆಗೆ ಅದೇ ಬಾಗಿಲಾಗುತ್ತದೆ. ಬಾಗಿಲು ಕಿಟಕಿಗಳಿಂದ ಕನಿಷ್ಠ 6 ಮೀಟರ್ ದೂರದಲ್ಲಿ, ನಾಲ್ಕೂ ಬದಿ ತೆರೆದ ಶೀಟಿನ ಮಾಡಿನ ಕೆಳಗೆ, ನೀರು ನಿಲ್ಲದ ಕಟ್ಟೆಯ ಮೇಲೆ, ಹೊಗೆಕೊಳವೆ ಮನೆಗೆ ಬೆನ್ನು ಮಾಡಿರುವಂತೆ ಇಡುವುದೊಂದೇ ಪರಿಹಾರ.

ಪೆಟ್ರೋಲ್ ಸಂಗ್ರಹಕ್ಕೆ 1934ರ ಪೆಟ್ರೋಲಿಯಂ ಕಾಯ್ದೆಯ ಮಿತಿಯಿದ್ದು, ಮಾರಾಟಕ್ಕಲ್ಲದೆ ಸ್ವಂತಕ್ಕಾಗಿ 30 ಲೀಟರ್ ವರೆಗೆ ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದು. ಲೋಹದ ಪಾತ್ರೆ 25 ಲೀಟರಿಗಿಂತ ದೊಡ್ಡದಿರಬಾರದು. ನೀರಿನ ಪ್ಲಾಸ್ಟಿಕ್ ಕ್ಯಾನ್ ಈ ಕಾನೂನಿನ ಪಾತ್ರೆಗಳ ಪಟ್ಟಿಯಲ್ಲೇ ಇಲ್ಲ. ಶೇಕಡಾ 20ರಷ್ಟು ಎಥನಾಲ್ ಬೆರೆತ ಇಂದಿನ ಪೆಟ್ರೋಲ್ ಮಲೆನಾಡಿನ ತೇವದ ಗಾಳಿಯಿಂದ ನೀರನ್ನು ಹೀರಿಕೊಳ್ಳುವುದರಿಂದ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಕಾರ್ಬುರೇಟರ್ ಕಟ್ಟಿಕೊಳ್ಳುತ್ತದೆ. ಮಳೆಗಾಲ ಮುಗಿದ ಮೇಲೆ ಪೆಟ್ರೋಲ್ ಕಾಕ್ ಮುಚ್ಚಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿಡಬೇಕು.

ಕಾನೂನಿನ ಮಟ್ಟದಲ್ಲಿ, 2010ರಲ್ಲಿ ಹೊರಬಂದು 2023ರಲ್ಲಿ ಹೊಸದಾಗಿ ರೂಪುಗೊಂಡ ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳ ಬದಲಾವಣೆಯಂಥ ಸಣ್ಣ ಕೆಲಸಗಳನ್ನು ಬಿಟ್ಟು ವೈರಿಂಗಿನ ಸ್ವರೂಪವನ್ನೇ ಬದಲಿಸುವ ಕೆಲಸವನ್ನು ರಾಜ್ಯ ಸರ್ಕಾರದ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರೇ ಮಾಡಬೇಕು. ಚೇಂಜ್‌ಓವರ್ ಜೋಡಣೆ ಈ ಎರಡನೆಯ ಬಗೆಗೆ ಸೇರುತ್ತದೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಮನೆಯ ಯಜಮಾನನಿಗೂ ಅನ್ವಯಿಸುವುದು ಸಾಧ್ಯ. ಆದರೂ ತೋಟದ ನಡುವಿನ ಒಂಟಿ ಮನೆಯಲ್ಲಿ ಜನರೇಟರ್ ಹೇಗೆ ಜೋಡಿಸಲ್ಪಟ್ಟಿದೆ ಎಂಬುದನ್ನು ಪರಿಶೀಲಿಸಲು ಯಾರೂ ಹೋಗುವುದಿಲ್ಲ. ಯಾವ ಮನೆಯಲ್ಲಿ ಜನರೇಟರ್ ಇದೆ, ಚೇಂಜ್‌ಓವರ್ ಇದೆಯೇ ಎಂಬುದನ್ನು ಮೀಟರ್ ರೀಡಿಂಗಿಗೆ ಬರುವವರು ಒಂದು ಸಾಲಿನಲ್ಲಿ ಗುರುತು ಹಾಕಿಕೊಂಡು ಆ ಪಟ್ಟಿಯನ್ನು ಸೆಕ್ಷನ್ ಆಫೀಸಿನಲ್ಲಿ ಇಟ್ಟರೆ, ಕಂಬ ಹತ್ತುವವರಿಗೆ ಅದು ಹತ್ತು ಸುತ್ತೋಲೆಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದೀತು.

ಪಶ್ಚಿಮಘಟ್ಟದ ಕೆಲವು ಮನೆಗಳಲ್ಲಿ ತೋಟದ ಹಳ್ಳದ ನೀರಿನಿಂದ ಒಂದೆರಡು ಕಿಲೋವ್ಯಾಟ್ ತೆಗೆಯುವ ಪಿಕೊ ಟರ್ಬೈನುಗಳಿದ್ದು, ಕರೆಂಟ್ ಹೋಗುವ ತಿಂಗಳುಗಳಲ್ಲೇ ಹಳ್ಳ ತುಂಬಿರುವುದರಿಂದ ಅವುಗಳಿಗೆ ಪೆಟ್ರೋಲಿನ ಗೊಡವೆಯಿಲ್ಲ. ಚೇಂಜ್‌ಓವರಿನ ನಿಯಮ ಮಾತ್ರ ಅವಕ್ಕೂ ಅದೇ. 2024ರಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಆರಂಭವಾದ ಮೇಲೆ ಮಾಡಿನ ಮೇಲೆ ಸೋಲಾರ್ ಹಾಕಿಸುವವರು ಹೆಚ್ಚುತ್ತಿರುವುದರಿಂದ ಇನ್ನೊಂದು ಹೊಸ ತೊಡಕು ಸೇರಿಕೊಂಡಿದೆ. ಗ್ರಿಡ್ಡಿಗೆ ಜೋಡಿಸಿದ ಸೋಲಾರ್ ಇನ್ವರ್ಟರ್ ಹೊರಗಿನ ವಿದ್ಯುತ್ ನಿಂತೊಡನೆ ತಾನೂ ನಿಲ್ಲುವಂತೆ ರಚಿತವಾಗಿದೆ, ಕಾರಣ ಕಂಬದ ಮೇಲಿನ ಅದೇ ನೌಕರ. ಆದರೆ ಮನೆಯ ಬೋರ್ಡಿಗೆ ಜನರೇಟರಿನಿಂದ 230 ವೋಲ್ಟ್ ಬಂದಾಗ ಇನ್ವರ್ಟರ್ ಅದನ್ನೇ ಗ್ರಿಡ್ ಎಂದು ತಿಳಿದು ಎಚ್ಚರಗೊಂಡು, ಬಿಸಿಲಿದ್ದರೆ ತನ್ನ ಮೂರು ಕಿಲೋವ್ಯಾಟನ್ನು ಸಣ್ಣ ಜನರೇಟರಿನೊಳಕ್ಕೇ ನೂಕಲು ತೊಡಗಬಹುದು. ಹಿಂದಕ್ಕೆ ತಳ್ಳಿಸಿಕೊಂಡ ಯಂತ್ರದ ವೇಗ, ವೋಲ್ಟೇಜು ಎರಡೂ ಏರಿ ಮನೆಯ ಉಪಕರಣಗಳು ಕೆಡುತ್ತವೆ. ಇದರ ಪರಿಹಾರ ತಂತಿಯ ದಾರಿಯಲ್ಲಿದೆ: ಸೋಲಾರ್ ಇನ್ವರ್ಟರಿನ ಸಂಪರ್ಕವನ್ನು ಚೇಂಜ್‌ಓವರಿಗಿಂತ ಮೊದಲು, ಮೀಟರಿನ ಬದಿಗೇ ಕೊಟ್ಟು, ಜನರೇಟರ್ ಉಣಿಸುವ ಬೋರ್ಡಿನಿಂದ ಅದನ್ನು ಹೊರಗಿಡಬೇಕು. ಬ್ಯಾಟರಿಯಿರುವ ಹೈಬ್ರಿಡ್ ಇನ್ವರ್ಟರುಗಳಲ್ಲಿ ಜನರೇಟರಿಗೆಂದೇ ಬೇರೆ ಟರ್ಮಿನಲ್ ಕೊಟ್ಟಿರುವ ಮಾದರಿಗಳು ಬಂದಿವೆ. ಅವುಗಳಲ್ಲಿ ಜನರೇಟರನ್ನು ಆ ಟರ್ಮಿನಲ್ಲಿಗೆ ಬಿಟ್ಟು ಬೇರೆಲ್ಲಿಗೂ ಜೋಡಿಸಬಾರದು.